ದೊರೆಯನ್ನು ನೆನೆದ ಶುಕ್ರವಾರ

ಚಿಕ್ಕಸಿದ್ದಯ್ಯ ಒಂದು ಕಡೆ ನೆಟ್ಟಗೆ ನಿಂತದ್ದನ್ನಾಗಲಿ ಕೂತದ್ದನ್ನಾಗಲಿ ಕಂಡವರು ನಮ್ಮ ಹಿರೋಡೆ ಸೀಮೆಯಲ್ಲಿ ಯಾರೂ ಇಲ್ಲ. ಜಗಲಿಯ ಮೇಲೆ ಕೂರಯ್ಯ ಎಂದರೆ ಅರ್ಧ ಕೂತು ಎದ್ದುಬಿಡುತ್ತಾನೆ. "ಸಣ್ಣಯ್ಯನ ಎಮ್ಮೆಗೆ ಇವತ್ತು ಔಸ್ದಿ ಕುಡಿಸ್ಬೇಕಿತ್ತು ಮೇಷ್ಟ್ರೇ, ಒಸಿ ಗ್ಯಪ್ತಿ ಮಾಡ್ಬುಟ್ ಬತ್ತೀನಿ" ಎಂದು ಹೊರಟೇಬಿಡುತ್ತಾನೆ. ಸಣ್ಣಯ್ಯನ ಎಮ್ಮೆ ಸಣ್ಣಯ್ಯನಿಗೆ ಜ್ಞಾಪಕವಿರುವುದಿಲ್ಲವೇ? ಇರುತ್ತದೆ. ಆದರೂ ಇವನು ಹೋಗಿ ಹೇಳಬೇಕು. ಒಮ್ಮೆ ಕೃಷ್ಣರಾಜಪೇಟೆಯ ಬೀಗರ ಮನೆಗೆ ನಡೆದೇ ಹೋಗಿ, ಚಪ್ಪರ ಹಾಕುತ್ತಿದ್ದವರನ್ನೇ ನಿಲ್ಲಿಸಿ, ನಾಡಿದ್ದು ಲಗ್ನ, ಗ್ಯಪ್ತಿ ಇರಲಿ ಎಂದು ಹೇಳಿ ಬಂದ ಮಹಾರಾಯ. ಊರವರು ಗ್ಯಪ್ತಿ ಸಿದ್ದ ಎಂದು ಹೆಸರಿಟ್ಟು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಆ ಚಡಪಡಿಕೆ ಅವನಿಗೆ ಹುಟ್ಟಿನಿಂದ ಬಂದದ್ದಲ್ಲ. ಅದನ್ನು ಹಚ್ಚಿದವನು ಇಲ್ಲಿನ ಮಿಡ್ಲ್ ಸ್ಕೂಲಿನ ಇಂಗ್ಲಿಷ್ ಮೇಷ್ಟ್ರಾದ ನಾನು.

ಸಾವಿರದ ಒಂಬೈನೂರ ಇಪ್ಪತ್ತೆಂಟರಲ್ಲಿ ನಮ್ಮ ಕಡೆ ನಾಲೆ ತೆಗೆಯಲು ಅಳತೆ ಶುರುವಾಯಿತು. ಅಳೆಯಲು ಬಂದವರು ಒಬ್ಬ ಇಂಗ್ಲಿಷ್ ದೊರೆ. ಚಿಕ್ಕಸಿದ್ದಯ್ಯ ಅವರ ಹತ್ತಿರ ಅಳತೆಯ ಸರಪಳಿ ಹಿಡಿಯುವ ಕೆಲಸಕ್ಕೆ ಸೇರಿದ. ಬೆಳಗೊಳದಲ್ಲಿ ಅಣೆಕಟ್ಟೆಯ ಕೆಲಸ ನಡೆಯುವಾಗ ದೊರೆಗಳ ಅಡಿಗೆಯವರ ಜೊತೆ ಇದ್ದು ನಾಲ್ಕು ಇಂಗ್ಲಿಷ್ ಮಾತು ಕಲಿತಿದ್ದ. ನಾಲ್ಕು ಎಂದರೆ ನಾಲ್ಕೇ. ಆದರೆ ಆ ನಾಲ್ಕನ್ನು ಎಂಥ ಗತ್ತಿನಿಂದ ಆಡುತ್ತಿದ್ದನೆಂದರೆ, ಊರವರು ಅವನನ್ನು ಅರ್ಧ ಬ್ಯಾರಿಸ್ಟರನೆಂದೇ ತಿಳಿದಿದ್ದರು.

ನಾಲೆಯ ಗೆರೆ ಅವನ ದೊಡ್ಡಪ್ಪನ ಹೆಂಡತಿ ದ್ಯಾವಮ್ಮನ ಹೊಲದ ಮೇಲೆ ಹಾಯಿತು. ಹೊಲ ಹೋದರೆ ಹೋಗಲಿ ಎನ್ನುವ ಹೆಂಗಸು ಆಕೆ. ಆದರೆ ಹೊಲದ ಮೂಲೆಯಲ್ಲಿ, ಹೊಂಗೆ ಮರದ ಬುಡದಲ್ಲಿ, ಆಕೆಯ ಒಬ್ಬಳೇ ಮಗಳನ್ನು ಮಣ್ಣು ಮಾಡಿದ್ದರು. ಪುಟ್ಟತಾಯಿ ಎಂದು ಹೆಸರು. ಐದು ವರ್ಷಕ್ಕೆ ಜ್ವರ ಬಂದು ಹೋದ ಮಗು. ಗಂಡನೂ ಇರಲಿಲ್ಲ, ಆಕೆಗೆ ಈ ಲೋಕದಲ್ಲಿ ತನ್ನದೆಂದು ಇದ್ದದ್ದು ಆ ನಾಲ್ಕು ಮೊಳ ನೆಲ.

"ಹತ್ತು ಮಾರು ಆಚೆಗೆ ಸರಿಸ್ಬುಡಕ್ಕೆ ಯೋಳ್ಲಾ ನಿನ್ ದೊರೆಗೆ. ಮಗೀನ ಮ್ಯಾಲೆ ನೀರು ಬುಡ್ಬೇಡಿ ಅನ್ಲಾ" ಎಂದು ಚಿಕ್ಕಸಿದ್ದಯ್ಯನ ಕೈ ಹಿಡಿದುಕೊಂಡಳು.

ಅವನು ಹೇಳಿದ. ಕೈಸನ್ನೆ, ಬಾಯಿಸನ್ನೆ ಎಲ್ಲ ಸೇರಿಸಿ, ಮಗು ಮಲಗಿದಂತೆ ತಾನೇ ನೆಲದ ಮೇಲೆ ಮಲಗಿ ತೋರಿಸಿದ. ದೊರೆ ಕೆಟ್ಟವರಲ್ಲ. ನೋಡಿದರು, ಟೋಪಿ ತೆಗೆದರು, ಸರಿಸಬಹುದು ಎಂದರು. ನಕ್ಷೆ ಶುಕ್ರವಾರ ಸಂಜೆ ಮೇಲಿನ ಕಛೇರಿಗೆ ಹೋಗುತ್ತದೆ, ಅಷ್ಟರಲ್ಲಿ ತಿದ್ದುತ್ತೇನೆ ಎಂದು ನಕ್ಷೆಯ ಮೇಲೆ ಬೆರಳಿಟ್ಟು ಸನ್ನೆಯಲ್ಲೇ ತಿಳಿಸಿ, ಕೊನೆಗೆ ಒಂದು ಮಾತು ಸೇರಿಸಿದರು: "ರಿಮೈಂಡ್ ಮಿ ಆನ್ ಫ್ರೈಡೇ."

ಚಿಕ್ಕಸಿದ್ದಯ್ಯನಿಗೆ 'ಫ್ರೈಡೇ' ಗೊತ್ತಿತ್ತು. 'ಮೈಂಡ್' ಎಂದರೆ ಮನಸ್ಸು, ಅದೂ ಗೊತ್ತಿತ್ತು. ಶುಕ್ರವಾರ ನನ್ನನ್ನು ಮನಸ್ಸಿನಲ್ಲಿ ನೆನೆ ಎಂದು ದೊರೆ ಹೇಳಿದ್ದಾರೆಂದು ಅರ್ಥ ಮಾಡಿಕೊಂಡ. ಇದರಲ್ಲಿ ಅವನಿಗೆ ವಿಚಿತ್ರವೇನೂ ಕಾಣಲಿಲ್ಲ. ಶುಕ್ರವಾರ ನಾವು ದೇವಿಯನ್ನು ನೆನೆಯುವುದಿಲ್ಲವೇ? ಉಪಕಾರ ಮಾಡುವ ದೊರೆ, ಒಳ್ಳೆಯ ವಾರ ನನ್ನನ್ನೂ ಒಂದಿಷ್ಟು ನೆನೆಯಿರಪ್ಪ ಎಂದರೆ ತಪ್ಪೇನು?

ಆ ಶುಕ್ರವಾರ ದ್ಯಾವಮ್ಮ ತಲೆಗೆ ನೀರು ಹಾಕಿಕೊಂಡು, ದೀಪ ಹಚ್ಚಿ, ದೊರೆಯ ಹೆಸರಿನಲ್ಲಿ ಕಾಯಿ ಒಡೆದಳು. ಚಿಕ್ಕಸಿದ್ದಯ್ಯ ಮಡಿ ಪಂಚೆ ಉಟ್ಟು, ದೊರೆಯ ಡೇರೆಯ ಮುಂದೆ ಬೆಳಗಿನಿಂದ ಕೈ ಮುಗಿದು ನಿಂತ, ನೆನೆಯುತ್ತ. ದೊರೆ ಎರಡು ಸಲ ಹೊರಗೆ ಬಂದು ಏನು ಎಂದು ಕೇಳಿದರು. ಎರಡು ಸಲವೂ ಇವನು "ನಥಿಂಗ್ ಸಾರ್" ಎಂದ. ದೇವರ ಮುಂದೆ ನಿಂತು ಮತ್ತೆ ಮತ್ತೆ ಬೇಡುವುದು ಇವನ ಜಾಯಮಾನವಲ್ಲ. ಸಂಜೆ ನಕ್ಷೆ ಸುತ್ತಿ ಪೆಟ್ಟಿಗೆಗೆ ಹಾಕಿದರು. ಪೆಟ್ಟಿಗೆಯನ್ನು ಗಾಡಿಗೆ ಎತ್ತಿಟ್ಟವನೂ ಇವನೇ.

ಮುಂದಿನ ವಾರ ಗೂಟ ಹೊಡೆಯುವವರು ಬಂದು ಹೊಂಗೆ ಮರದ ಬುಡಕ್ಕೇ ಹೊಡೆದರು.

ಅವನು ನನ್ನ ಹತ್ತಿರ ಬಂದದ್ದು ಆಗ. "ದೊರೆ ಮಾತು ತಪ್ಪುದ್ರು ಮೇಷ್ಟ್ರೇ. ಅವ್ರು ಯೋಳ್ದಂಗೇ ನೆನುದ್ವಲ್ಲ" ಎಂದು ದೊರೆಯ ಮಾತನ್ನು ಅಕ್ಷರ ಬಿಡದೆ ಒಪ್ಪಿಸಿದ. ನಾನು ನಕ್ಕುಬಿಟ್ಟೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸುತ್ತದೆ. ಮಕ್ಕಳಿಗೆ ಹೇಳುವ ದನಿಯಲ್ಲೇ ಪಾಠ ಹೇಳಿದೆ: "ರಿಮೆಂಬರ್ ಅಂದರೆ ನೀನು ಜ್ಞಾಪಕ ಮಾಡಿಕೊಳ್ಳೋದು. ರಿಮೈಂಡ್ ಅಂದರೆ ಇನ್ನೊಬ್ಬರಿಗೆ ಜ್ಞಾಪಕ ಮಾಡೋದು. ಒಂದು ನಿನ್ನ ತಲೆಯ ಕೆಲಸ, ಇನ್ನೊಂದು ನಿನ್ನ ಬಾಯಿಯ ಕೆಲಸ. ಶುಕ್ರವಾರ ನನಗೆ ಜ್ಞಾಪಿಸು ಅಂತ ಹೇಳಿದಾರೆ ಕಣಯ್ಯ. ನೀನು ಬಾಯಿ ಬಿಟ್ಟು ಒಂದು ಮಾತು ಆಡಿದ್ದರೆ ಸಾಕಿತ್ತು."

"ಎರಡ್ ಕಿತ ಕೇಳುದ್ರು ಮೇಷ್ಟ್ರೇ" ಎಂದ. ಆಮೇಲೆ ಎದ್ದು ಓಡಿದ. ಡೇರೆ ಅಲ್ಲಿರಲಿಲ್ಲ. ನಾಗಮಂಗಲಕ್ಕೆ ಹೋಗಿದೆ ಎಂದರು, ನಾಗಮಂಗಲಕ್ಕೆ ನಡೆದ. ದೊರೆ ಮದರಾಸಿಗೆ ಹೊರಟುಹೋಗಿದ್ದರು. ಮಂಜೂರಾದ ನಕ್ಷೆಯನ್ನು ಇನ್ನು ಯಾರೂ ತಿದ್ದುವ ಹಾಗಿಲ್ಲ ಎಂದು ಅಲ್ಲಿದ್ದ ಗುಮಾಸ್ತರು ಹೇಳಿದರಂತೆ.

ಅಗೆಯುವ ದಿನಗಳಲ್ಲಿ ದ್ಯಾವಮ್ಮನನ್ನು ತವರಿನವರು ಕರೆದುಕೊಂಡು ಹೋದರು. ವಾಪಸು ಬರುವಷ್ಟರಲ್ಲಿ ಮರವಿಲ್ಲ, ಮೂಲೆಯಿಲ್ಲ, ಉದ್ದಕ್ಕೂ ಒಂದೇ ನಾಲೆ. ಮಗುವಿದ್ದದ್ದು ಎಲ್ಲಿ ಎಂದು ಗುರುತು ಹಿಡಿಯಲು ಒಂದು ಕಡ್ಡಿಯೂ ಉಳಿದಿರಲಿಲ್ಲ. ನೀರು ಬಂದ ಮೇಲೆ ಸುತ್ತಿನವರೆಲ್ಲ ಭತ್ತ, ಕಬ್ಬು ಹಾಕಿದರು. ಆಕೆ ಮಾತ್ರ ಉಳಿದ ಹೊಲಕ್ಕೆ ಆ ನೀರನ್ನು ಬಿಟ್ಟುಕೊಳ್ಳಲಿಲ್ಲ. ರಾಗಿಯನ್ನೇ ಚೆಲ್ಲಿದಳು, ನಾಲೆಯ ಏರಿಯನ್ನು ಮೆಟ್ಟಲಿಲ್ಲ. ದಿನಾ ಬೆಳಗಾದರೆ ಬಾಗಿಲಿಗೆ ನೀರು ಹಾಕುತ್ತ ಆ ದೊರೆಗೆ ಹಿಡಿಶಾಪ ಹಾಕುತ್ತಿದ್ದಳು. ಚಿಕ್ಕಸಿದ್ದಯ್ಯ ಪಕ್ಕದ ಮನೆಯಲ್ಲೇ ಇದ್ದು ಅದನ್ನು ಕೇಳಬೇಕು. ಹೇಳಿಬಿಡೋ ಎಂದು ಎಷ್ಟೋ ಸಲ ಅಂದೆ. "ಇವತ್ತು ಯೋಳ್ತೀನಿ" ಎಂದು ಹೋಗುವನು, ಆಕೆಯ ಬಾಗಿಲಲ್ಲಿ ನಿಂತು, "ದೊಡ್ಡವ್ವ, ಸೌದೆ ಒಳೀಕ್ ಆಕುದ್ಯಾ, ಮೋಡ ಐತೆ" ಎಂದು ಜ್ಞಾಪಿಸಿ ಓಡಿಬರುವನು. ಹೇಳಬೇಕಾದ ಒಂದು ಮಾತನ್ನು ನುಂಗಿಕೊಂಡು ಊರಿಗೆಲ್ಲ ಬೇರೆ ಸಾವಿರ ಮಾತು ಜ್ಞಾಪಿಸುತ್ತ ತಿರುಗಿದ. ಹತ್ತು ವರ್ಷ.

ಮೂವತ್ತೆಂಟರಲ್ಲಿ ಅದೇ ದೊರೆ ಬಂದರು. ಕೆಲಸ ಬಿಟ್ಟು ಊರಿಗೆ ಹೋಗುವ ಮುಂಚೆ ತಾವು ಅಳೆದ ನಾಲೆ ನೋಡಬೇಕೆಂದು ಬಂದಿದ್ದರಂತೆ. ಸುದ್ದಿ ಕೇಳಿದ್ದೇ ದ್ಯಾವಮ್ಮ ಸೆರಗು ಬಿಗಿದು ಹೊರಟಳು. ದಾರಿಯಲ್ಲಿ ಚಿಕ್ಕಸಿದ್ದಯ್ಯನ ರಟ್ಟೆ ಹಿಡಿದಳು. "ಬಾಲಾ. ನಾ ಬೈತೀನಿ, ನೀ ಇಂಗ್ಲೀಸಲ್ಲಿ ಯೋಳು. ಒಂದೂ ಬುಡ್ಕೂಡ್ದು."

ಅವನು ನನ್ನ ಕಡೆ ನೋಡಿದ. ನಾನೂ ಹಿಂದೆಯೇ ಹೋದೆ. ಆ ಹೊತ್ತಿಗೆ ಅವನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಆ ಶುಕ್ರವಾರದ ಮೇಲೆ ನನ್ನನ್ನು ಪೀಡಿಸಿ ಪೀಡಿಸಿ ಕಲಿತಿದ್ದ.

ಏರಿಯ ಮೇಲೆ ನಿಂತಿದ್ದ ದೊರೆ ಇವನನ್ನು ದಿಟ್ಟಿಸಿ, ನಿನ್ನನ್ನು ನೋಡಿದರೆ ನನ್ನ ಹತ್ತಿರ ಸರಪಳಿ ಹಿಡಿಯುತ್ತಿದ್ದ ಒಬ್ಬನ ಜ್ಞಾಪಕ ಬರುತ್ತದೆ ಎಂದರು. ಅಲ್ಲೂ ಅದೇ 'ರಿಮೈಂಡ್'. ಆ ಮನುಷ್ಯ ನಾನೇ ಸಾರ್ ಎಂದ ಚಿಕ್ಕಸಿದ್ದಯ್ಯ. ದೊರೆ ಹುಬ್ಬು ಗಂಟಿಕ್ಕಿ ಯೋಚಿಸಿ, ನಿಧಾನವಾಗಿ ಹೇಳಿದರು: ಇಲ್ಲಿ ಒಂದು ಮಗುವಿನ ಸಮಾಧಿ ಇತ್ತಲ್ಲವೇ? ಜ್ಞಾಪಿಸು ಎಂದಿದ್ದೆ. ನೀನು ದಿನವಿಡೀ ಡೇರೆಯ ಮುಂದೆ ನಿಂತಿದ್ದೆ, ಆದರೂ ಜ್ಞಾಪಿಸಲೇ ಇಲ್ಲ.

"ಏನಂತಾನ್ಲಾ?" ಎಂದಳು ದ್ಯಾವಮ್ಮ.

ಸುಳ್ಳು ಹೇಳಿದ್ದರೆ ಆಕೆಗೆ ತಿಳಿಯುತ್ತಿರಲಿಲ್ಲ. ನಾನೂ ಬಾಯಿ ಬಿಡುತ್ತಿರಲಿಲ್ಲ, ದೇವರಾಣೆ. ಆದರೆ ಅವನು ಆಕೆಯ ಕಾಲ ಹತ್ತಿರ ಕುಕ್ಕರಿಸಿದ. "ಗ್ಯಪ್ತಿ ಮಾಡು ಅಂದಿದ್ರಂತೆ ದೊಡ್ಡವ್ವ. ನಂಗೆ ಅರ್ತ ಆಗ್ನಿಲ್ಲ. ನೆನ್ಕೋ ಅಂದ್ರು ಅಂದ್ಕೊಂಡೆ. ತಪ್ಪು ದೊರೆದಲ್ಲ, ನಂದು."

ದೊರೆ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು, ಹಿಂದಿನ ಹಾಗೆಯೇ.

"ಅಂಗಾರೆ ಅತ್ತು ವರ್ಸ ಬ್ಯಾರೆ ಮನುಸನ್ನ ಬೈದ್ನಲ್ಲಾ" ಎಂದಳು ದ್ಯಾವಮ್ಮ. "ಮನಸಿಗೆ ಆಕ್ಕೋಬ್ಯಾಡಪ್ಪ ಅಂತ ಯೋಳು ಅವಂಗೆ." ಅವನು ಹೇಳಿದ. ಇಂಗ್ಲಿಷಿನಲ್ಲಿ ಒಂದು ತಪ್ಪೂ ಇರಲಿಲ್ಲ.

"ನನ್ನ ಬೈಯವ್ವ" ಎಂದ ಆಮೇಲೆ.

"ನಿನ್ನ ಇನ್ನತ್ತು ವರ್ಸ ಬೈಯಕ್ಕೆ ನಂಗೆ ಆಯುಸ್ಸಿಲ್ಲ ಕಣ್ಲಾ" ಎಂದಳು ದ್ಯಾವಮ್ಮ. ನೀರಿನ ಕಡೆ ನೋಡಿದಳು. "ನೀ ಸರಪಣಿ ಇಡ್ದೋನಲ್ವಾ. ನನ್ ಮಗು ಎಲ್ಲೈತೆ, ತೋರ್ಸು."

ಚಿಕ್ಕಸಿದ್ದಯ್ಯ ಎದ್ದ. ಗಡಿಕಲ್ಲಿನ ಹತ್ತಿರ ಹೋಗಿ, ಅದಕ್ಕೆ ಹಿಮ್ಮಡಿ ತಾಗಿಸಿ, ಹೆಜ್ಜೆ ಎಣಿಸುತ್ತ ಬಂದ. ಎರಡು ಸರಪಳಿಯಷ್ಟು ದೂರ, ಮೇಲೆ ಹನ್ನೊಂದು ಹೆಜ್ಜೆ. ಎಲ್ಲೂ ತಡವರಿಸಲಿಲ್ಲ; ಅವನು ಅದನ್ನು ಮನಸ್ಸಿನಲ್ಲಿ ಎಷ್ಟು ಸಲ ನಡೆದಿದ್ದನೋ. ಆಮೇಲೆ ಪಂಚೆಯನ್ನೂ ಎತ್ತಿ ಕಟ್ಟದೆ ನಾಲೆಗೆ ಇಳಿದು, ಸೊಂಟದ ಮಟ್ಟದ ನೀರಿನಲ್ಲಿ ನಾಲ್ಕು ಹೆಜ್ಜೆ ಹೋಗಿ ನಿಂತ.

"ಇಲ್ಲಿ ದೊಡ್ಡವ್ವ. ನನ್ ಕಾಲ್ ತಾವು."

ದ್ಯಾವಮ್ಮ ಏರಿಯ ಮೇಲೆ ಕೂತಳು. "ಅಲ್ಲೇ ನಿಂತಿರು. ಅಲ್ಲಾಡ್ಬ್ಯಾಡ" ಎಂದಳು. "ಒಸಿ ನೋಡ್ಕೋತೀನಿ."

ಅವನು ಅಲ್ಲಾಡಲಿಲ್ಲ. ದೊರೆ ಹೋದರು, ಬಿಸಿಲು ಇಳಿಯಿತು, ಮನೆಗೆ ಹೋಗೋಣ ಎಂದು ದ್ಯಾವಮ್ಮ ತಾನೇ ಏಳುವ ತನಕ ಚಿಕ್ಕಸಿದ್ದಯ್ಯ ಆ ನೀರಿನಲ್ಲಿ ನಿಂತೇ ಇದ್ದ.