ತವರಿನ ಸೀರೆ, ನಾಲ್ಕು ಗಂಟೆ ದಾರಿ

ನನ್ನ ತಂಗಿ ಸತ್ತದ್ದು ಮಂಗಳವಾರ ಬೆಳಗ್ಗೆ, ಕುರುಡುಮಲೆ ಹತ್ತಿರದ ಗಂಡನ ಮನೆಯಲ್ಲಿ. ಮಾಸ್ತಿಯಿಂದ ಮೂರು ಬಸ್ಸು ಹತ್ತಿಳಿದು ಮಧ್ಯಾಹ್ನಕ್ಕೆ ಮುಟ್ಟಿದೆ. ಮಾಲೂರಿನಲ್ಲಿ ಇಳಿದಾಗ ಕೊಂಡ ಸೀರೆ ಕಂಕುಳಲ್ಲಿತ್ತು. ನಮ್ಮಲ್ಲಿ ಹೆಣ್ಣು ಸತ್ತರೆ ತವರಿನವರು ಸೀರೆ ಹೊದಿಸದೆ ಹೆಣ ಎತ್ತುವುದಿಲ್ಲ.

ಹೊದಿಸಬೇಕಾದವನು ನಮ್ಮ ತಮ್ಮ. ಅವನು ದುಬೈಯಲ್ಲಿ ಲಾರಿ ಓಡಿಸುತ್ತಾನೆ. ತಂಗಿಯ ಗಂಡನ ಅಣ್ಣ, ಆ ಮನೆಯ ಯಜಮಾನ, ಜಗಲಿಯ ಮೇಲೆ ಕೂತು ಫೋನು ಒತ್ತಿ ನೋಡಿದ.

"ದುಬೈಯಿಂದ ಬೆಂಗ್ಳೂರಿಗೆ ಎರಡು ಸಾವಿರದ ಏಳ್ನೂರು ಕಿಲೋಮೀಟ್ರು. ವಿಮಾನ್ದಾಗೆ ನಾಲ್ಕೇ ಗಂಟೆ. ಸಂಜೆಗೆ ಮಣ್ಣು ಮಾಡಾಣ."

ಗಂಡಸರೆಲ್ಲ ತಲೆಯಾಡಿಸಿದರು. ನನ್ನ ತಮ್ಮ ವಿಮಾನದೊಳಗೇ ಸಂಸಾರ ಹೂಡಿದ್ದಾನೆ ಅಂದುಕೊಂಡರೋ ಏನೋ. ಅವನ ಪಾಸ್‌ಪೋರ್ಟು ಮಾಲೀಕನ ಬೀರುವಿನಲ್ಲಿ, ಮಾಲೀಕ ಬೇರೆ ಊರಿನಲ್ಲಿ. ಮಲಗುವ ಶೆಡ್ಡಿನಿಂದ ವಿಮಾನ ನಿಲ್ದಾಣಕ್ಕೇ ಎರಡು ಗಂಟೆ. ಇಲ್ಲಿಳಿದ ಮೇಲೆ ದೇವನಹಳ್ಳಿಯಿಂದ ಮುಳಬಾಗಿಲು ಹಾದು ಈ ಊರಿಗೆ ಮತ್ತೆ ಮೂರು ಗಂಟೆ. ತಮ್ಮ ಫೋನಿನಲ್ಲಿ ಇದನ್ನೆಲ್ಲ ಹೇಳಿದ, ನಾನು ಅವರಿಗೆ ಹೇಳಿದೆ. ಹೆಂಗಸಿನ ಮಾತು, ಯಾರು ಕೇಳಬೇಕು?

ಸಂಜೆಯಾಯಿತು. ಪಾಸ್‌ಪೋರ್ಟು ಇನ್ನೂ ಅವನ ಕೈಗೆ ಬಂದಿರಲಿಲ್ಲ. ಕೋಲಾರದಿಂದ ಐಸ್ ಪೆಟ್ಟಿಗೆ ತರಿಸಿ ತಂಗಿಯನ್ನು ಅದರಲ್ಲಿ ಮಲಗಿಸಿದರು. ಫ್ಯಾನಿನ ಗಾಳಿಗೇ ಮೈ ಮುದುಡಿಕೊಳ್ಳುತ್ತಿದ್ದ ಹೆಂಗಸು ಅವಳು. ಹೆಣ ಇರುವ ತನಕ ಒಲೆ ಹಚ್ಚುವಂತಿಲ್ಲ. ಪಕ್ಕದ ಮನೆಯವರು ತಂದುಕೊಟ್ಟ ಟೀ ಕುಡಿಯುತ್ತಾ ಗಂಡಸರು ಫೋನು ನೋಡುತ್ತಲೇ ಇದ್ದರು.

ಬುಧವಾರ ಬೆಳಗ್ಗೆ ನಾನು ಸೀರೆ ಹಿಡಿದು ಎದ್ದೆ.

"ನಾನು ಹೊದಿಸ್ತೀನಿ. ನಾನೂ ಅದೇ ತಾಯಿ ಹೊಟ್ಟೇಲಿ ಹುಟ್ಟಿದೋಳು."

ಯಜಮಾನ ಕೈ ಅಡ್ಡ ಹಿಡಿದ. "ನೀನು ಬೇರೆ ಮನೆಗೆ ಕೊಟ್ಟ ಹೆಣ್ಣು ಕಣಕ್ಕಾ. ಗಂಡು ಬರ್ಬೇಕು. ಸುಮ್ಕಿರು, ಇನ್ನೇನು ನಾಲ್ಕು ಗಂಟೆ ದಾರಿ."

"ನಿನ್ನೆಯಿಂದ್ಲೂ ನಾಲ್ಕೇ ಗಂಟೆ ಅಂತಿದ್ದೀಯಲ್ಲಪ್ಪಾ. ವಿಮಾನ ಮುಂದಕ್ಕೆ ಬರ್ತೈತೋ, ಹಿಂದಕ್ಕೆ ಹೋಗ್ತೈತೋ?"

ಹಿಂದೆ ಯಾರೋ ಕಿಸಕ್ಕೆಂದರು. ಯಜಮಾನನ ಮುಖ ಕಪ್ಪಿಟ್ಟಿತು. ಅಷ್ಟರಲ್ಲಿ ತಂಗಿಯ ಮಗಳು ಬಂದು ಪೆಟ್ಟಿಗೆಯ ಮುಚ್ಚಳ ಎತ್ತಿ ಹಿಡಿದಳು.

"ಹಾಕು ದೊಡ್ಡಮ್ಮಾ. ನಮ್ಮಮ್ಮ ಇನ್ನೆಷ್ಟು ಹೊತ್ತು ಈ ಚಳೀಲಿ ಮಲಗ್ಬೇಕು?"

ಹೊದಿಸಿದೆ. ಹೊದಿಸಿದ್ದನ್ನು ತೆಗೆಯುವ ಧೈರ್ಯ ಯಾವ ಗಂಡಸಿಗೂ ಬರಲಿಲ್ಲ. ಮಧ್ಯಾಹ್ನ ಅವರ ಹೊಲದಲ್ಲೇ ಮಣ್ಣಾಯಿತು.

ತಮ್ಮ ಬಂದದ್ದು ಗುರುವಾರ ಸಂಜೆ, ಗ್ರೀಸು ಹತ್ತಿದ ಕೆಲಸದ ಅಂಗಿಯಲ್ಲೇ. ಅಂಗಳಕ್ಕೆ ಕಾಲಿಟ್ಟವನನ್ನು ಯಜಮಾನ ಕೇಳಿದ್ದು ಒಂದೇ ಮಾತು.

"ಏನಪ್ಪಾ, ನಾಲ್ಕು ಗಂಟೆ ದಾರಿಗೆ ಮೂರು ದಿನ ಬೇಕಾಯ್ತಾ?"

ತಪ್ಪು ಮಾಡಿದವನ ಹಾಗೆ ತಮ್ಮ ತಲೆ ತಗ್ಗಿಸಿದ. "ನಡೀಲಾ, ಅಕ್ಕನ ಮಣ್ಣು ನೋಡು ನಡಿ," ಎಂದು ಅವನ ಕೈ ಹಿಡಿದು ಹೊಲಕ್ಕೆ ಎಳೆದುಕೊಂಡು ಹೋದೆ. ಆ ಮನೆಯಲ್ಲಿ ಅವನು ಒಂದು ಲೋಟ ನೀರು ಕುಡಿಯಲೂ ನಾನು ಬಿಡಲಿಲ್ಲ. ನಾನೂ ಇವತ್ತಿನವರೆಗೆ ಕುಡಿದಿಲ್ಲ.