ಕಾಲು ತಗೊಳ್ಳಿ, ಮಿಷನ್ ಇರಲಿ

ನಮ್ಮಕ್ಕ ಆರ್ಡಿಸ್ ಇಪ್ಪತ್ತಾರು ಚಳಿಗಾಲ ಕೌಂಟಿ ಆಡಳಿತದ, ರಸ್ತೆಯ ಹಿಮ ತೆಗೆಯುವ ಲಾರಿ ಓಡಿಸಿದವಳು. ಅಮೆರಿಕದ ಉತ್ತರ ಮಿನೆಸೋಟದ ನಮ್ಮ ಗಣಿಯೂರಿನಲ್ಲಿ ಅವಳ ಲಾರಿ ಹೋದಮೇಲೆಯೇ ಶಾಲೆಯ ಬಸ್ಸು ಹೊರಡುತ್ತಿತ್ತು. ಐವತ್ನಾಲ್ಕನೇ ವಯಸ್ಸಿನಲ್ಲಿ, ಆ ಲಾರಿ ಹತ್ತುವಾಗ ಎರಡು ಸಲ ಕಣ್ಣು ಕತ್ತಲಿಟ್ಟು ಬಿದ್ದಳು. ಹೃದಯದ ನಡುಗೋಡೆ ದಪ್ಪಗೆ ಬೆಳೆದು ರಕ್ತದ ದಾರಿಗೆ ಅಡ್ಡ ನಿಂತಿದೆ ಎಂದರು ಡಾಕ್ಟರು. ನಲವತ್ತೊಂದಕ್ಕೇ ಅಂಗಳದಲ್ಲಿ ಕುಸಿದು ಸತ್ತ ಅಪ್ಪನಿಗೂ ಇದೇ ಇದ್ದಿರಬೇಕಂತೆ.

ಸಣ್ಣ ನಳಿಕೆ ತೂರಿಸಿ, ಆ ಗೋಡೆಗೆ ಒಂದಿಷ್ಟು ಆಲ್ಕೋಹಾಲ್ ಬಿಟ್ಟು ದಪ್ಪ ಸ್ನಾಯುವನ್ನು ಸಾಯಿಸುವುದೇ ಚಿಕಿತ್ಸೆ.

"ಅಪ್ಪ ಸಾಯೋತನಕ ಒಂದು ಬಿಯರ್ ಮುಟ್ಟಲಿಲ್ಲ. ನನಗೆ ನೋಡೇ, ಸೀದಾ ಎದೆಗೇ ಸುರೀತಾರೆ," ಎಂದು ನಗುತ್ತ ಒಳಗೆ ಹೋದಳು.

ಒಂದು ಗಂಟೆಯೊಳಗೆ ಅವಳ ರಕ್ತದೊತ್ತಡ ನೆಲ ಕಚ್ಚಿತು. ಹೃದಯ ಬರೀ ಅದುರುತ್ತಿತ್ತು, ರಕ್ತ ದೂಡುತ್ತಿರಲಿಲ್ಲ. ತೊಡೆಸಂದಿಗೆ ಹೆಬ್ಬೆರಳು ಗಾತ್ರದ ಕೊಳವೆಗಳನ್ನು ಹಾಕಿ ಮಿಷನ್ನಿಗೆ ಜೋಡಿಸಿದರು. ಅವಳ ರಕ್ತ ಹೊರಗೆ ಬಂದು, ಉಸಿರು ತುಂಬಿಸಿಕೊಂಡು, ಮತ್ತೆ ಒಳಗೆ ಹೋಗುತ್ತಿತ್ತು.

ಮೂರನೇ ದಿನ ಎಚ್ಚರವಾಯಿತು. ಗಂಟಲಲ್ಲಿ ಉಸಿರಾಟದ ನಳಿಕೆ ಇದ್ದುದರಿಂದ ಮಾತಿಲ್ಲ. ಐದನೇ ದಿನ ಡಾಕ್ಟರ್ ಓಸ್ಟ್‌ಬಿ ನನ್ನನ್ನೂ ನಮ್ಮ ತಮ್ಮ ಲೈಲ್‌ನನ್ನೂ ಬಾಗಿಲ ಹತ್ತಿರ ಕರೆದರು.

"ಹೃದಯ ಚೇತರಿಸ್ತಾ ಇಲ್ಲ. ಕೊಳವೆ ಅಡ್ಡವಾಗಿ ಎಡಗಾಲಿಗೆ ರಕ್ತ ಹೋಗದೆ ಕಪ್ಪಾಗ್ತಿದೆ. ಚಿಕಿತ್ಸೆ ಎಲ್ಲಿಗೆ ನಿಲ್ಲಿಸೋದು ಅಂತ ನೀವು ಯೋಚಿಸಬೇಕು."

ಲೈಲ್ ಹೌದೆಂದು ತಲೆಯಾಡಿಸಿದ. "ಅವಳಿಗೆ ಇನ್ನೂ ಹಿಂಸೆ ಯಾಕೆ."

ಹಾಸಿಗೆಯ ಕಂಬಿಯ ಮೇಲೆ ಟಣ್ ಟಣ್ ಸದ್ದಾಯಿತು. ಆರ್ಡಿಸ್ ಉಂಗುರದಿಂದ ಬಡಿಯುತ್ತಿದ್ದಳು. ನಾನು ಓಡಿಹೋಗಿ ಬರೆಯುವ ಹಲಗೆ ಹಿಡಿದೆ. ಸೊಟ್ಟ ಅಕ್ಷರದಲ್ಲಿ ಬರೆದಳು: "ಸಾಯೋಳು ನಾನು. ನನ್ನ ಕೇಳಿ."

ಡಾಕ್ಟರು ಬಂದು ಕುರ್ಚಿ ಎಳೆದು ಕೂತರು, ಎಲ್ಲವನ್ನೂ ಅವಳ ಮುಖ ನೋಡಿಯೇ ಹೇಳಿದರು. ಅವಳು ಹಲಗೆ ಒರೆಸಿ ಮತ್ತೆ ಬರೆದಳು: "ಕಾಲು ತಗೊಳ್ಳಿ. ಮಿಷನ್ ಇರಲಿ."

ಮರುದಿನ ಮೊಣಕಾಲ ಕೆಳಗೆ ಕತ್ತರಿಸಿದರು. ಏಳನೇ ದಿನ ಹೃದಯ ತಾನಾಗಿ ಸ್ವಲ್ಪ ದೂಡಿತು, ಎಂಟನೇ ದಿನ ಇನ್ನಷ್ಟು. ಹತ್ತನೇ ದಿನ ಮಿಷನ್ನಿನ ಕೊಳವೆಗಳನ್ನೂ ಗಂಟಲ ನಳಿಕೆಯನ್ನೂ ತೆಗೆದರು. ಆ ಗಂಟಲಿನಿಂದ ಅವಳ ಮೊದಲ ಮಾತು ಲೈಲ್‌ಗೆ: "ನೀನು ತಲೆಯಾಡಿಸಿದ್ದು ನೋಡಿದೀನಿ ಕಣೋ."

ದೊಡ್ಡ ಲಾರಿ ಓಡಿಸುವ ಪರವಾನಗಿ ಹೋಯಿತು. ಕೌಂಟಿಯವರು ಆಫೀಸಿನಲ್ಲಿ ಫೋನ್ ಎತ್ತುವ ಕೆಲಸ ಕೊಡುತ್ತೇವೆ ಎಂದಾಗ ಬೇಡವೆಂದು ರಾಜೀನಾಮೆ ಬರೆದಳು. ಎದೆಯ ಈ ದೋಷ ರಕ್ತಸಂಬಂಧದಲ್ಲಿ ಇಳಿಯುತ್ತದೆ ಎಂದು ತಿಳಿದಮೇಲೆ, ಕೃತಕ ಕಾಲು ಕಟ್ಟಿಕೊಂಡು ಮನೆಮನೆಗೆ ಹೋಗಿ ನಮ್ಮ ಸಂಬಂಧಿಕರಲ್ಲಿ ಹತ್ತೊಂಬತ್ತು ಜನರನ್ನು ಪರೀಕ್ಷೆಗೆ ಎಳೆದಳು. ನನ್ನದು ಸರಿಯಿತ್ತು. ಲೈಲ್ ಮಾತ್ರ ಒಲ್ಲೆ ಎಂದ.

"ನನಗೇನೂ ಆಗಿಲ್ಲ, ಹೋಗೇ."

"ಅಪ್ಪನೂ ಹಾಗೇ ಅಂದಿದ್ದ. ಬೂಟು ಹಾಕ್ಕೋ, ಇಲ್ಲದಿದ್ರೆ ಇಲ್ಲೇ ಕೂತಿರ್ತೀನಿ."

ಅವನ ಅಡುಗೆಮನೆಯಲ್ಲಿ ಎರಡು ದಿನ ಕೂತಳು. ಮೂರನೇ ದಿನ ಅವನು ಬೈದುಕೊಳ್ಳುತ್ತಲೇ ಬೂಟು ಹಾಕಿಕೊಂಡ. ಅವನ ಹೃದಯದ ಗೋಡೆಯೂ ದಪ್ಪವಾಗಿತ್ತು. ಈಗ ಮಾತ್ರೆ ನುಂಗುತ್ತಾನೆ, ಎಳೆದೊಯ್ದ ಸಿಟ್ಟಿಗೆ ಅವಳ ಹತ್ತಿರ ಮಾತು ಬಿಟ್ಟಿದ್ದಾನೆ. ಅವಳೇ ಪ್ರತಿ ಭಾನುವಾರ ಫೋನ್ ಮಾಡುತ್ತಾಳೆ. ಅವನು ಎತ್ತಿ ಸುಮ್ಮನಿರುತ್ತಾನೆ. ಅವಳು ಊರಿನ ಸುದ್ದಿಯೆಲ್ಲ ಹೇಳಿ ಮುಗಿಸಿಯೇ ಫೋನ್ ಇಡುವುದು.