ಬಗ್ಗಿದ ರೊಟ್ಟಿ

ಅಂದು ಒಂದು ಮಾತು ಆಡಿದ್ದರೆ ಸಾಕಿತ್ತು: ತಪ್ಪು ನನ್ನದು, ಅಕ್ಕನದಲ್ಲ. ಆಡಲಿಲ್ಲ. ಹೆಚ್ಚು ಶಾಲೆ ಕಲಿಯದವನಿಗೆ ಮಾತು ಬರುವುದಿಲ್ಲ ಎಂದುಕೊಳ್ಳಬೇಡಿ. ಬೇಡದ ಮಾತು ನನಗೆ ಆಗಲೂ ಬೇಕಾದಷ್ಟು ಬರುತ್ತಿತ್ತು.

ಇವತ್ತು ಮುಂಜಾನೆ ಸೊಸೆ ಡಬ್ಬಿಯಿಂದ ಜೋಳದ ಕಡಕ್ ರೊಟ್ಟಿ ತೆಗೆದು ಕೊಟ್ಟಳು. ಹೊರಗೆ ಬಿಡದ ಜಿಟಿಜಿಟಿ ಮಳೆ. ಮುರಿಯಲು ಹೋದರೆ ರೊಟ್ಟಿ ಮುರಿಯಲಿಲ್ಲ, ಬಗ್ಗಿತು. ಕೈ ಅಲ್ಲೇ ನಿಂತಿತು.

ಅಕ್ಕ ಇಮಾಂಬಿಯನ್ನು ನಾನು ಕರೆಯುವುದು ಆಪಾ ಎಂದು. ನಮ್ಮಪ್ಪ ಬೆಟಗೇರಿಯಲ್ಲಿ ಗೋಡೆ ಕಟ್ಟುವ ಗೌಂಡಿ. ಅವನ ಮೊಣಕಾಲು ಸೋತ ಮೇಲೆ ಕರಣಿ ಹಿಡಿದವಳು ಅವಳು. ಹೊಸ ಗೋಡೆ ಕಟ್ಟುವವರು ಊರ ತುಂಬ ಇದ್ದರು. ಆಪಾ ಹಿಡಿದದ್ದು ಬೇರೆ ಕೆಲಸ: ಮಳೆನೀರು ನುಗ್ಗಿದ ಮನೆಯನ್ನು ಮತ್ತೆ ಮನೆ ಮಾಡುವುದು. ಭಾವ ಟಾಂಗಾ ಹೊಡೆಯುತ್ತಿದ್ದರು. ಮಳೆ ಬಂದರೆ ಅವರ ದುಡಿಮೆ ನಿಲ್ಲುತ್ತಿತ್ತು, ಆಪಾನದು ಶುರುವಾಗುತ್ತಿತ್ತು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಿಂದಲೂ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಮಳೆ ನಿಲ್ಲಲಿ ಎಂದು ಅವಳು ಕಾದವಳಲ್ಲ. ಹೊಸ್ತಿಲಲ್ಲೇ ಮನೆಯ ಹೆಂಗಸನ್ನು ಕೇಳುತ್ತಿದ್ದಳು, “ಯಾವುದು ಹ್ವಾದ್ರ ಭಾಳ ಅಳ್ತೀ ಹೇಳವಾ, ಅದನ್ನ ಮೊದಲ ಎತ್ತಿಡೋಣು.” ನೇಕಾರರ ಮನೆಯಾದರೆ ಒದ್ದೆ ನೂಲನ್ನು ನೆರಳಲ್ಲೇ ಹರವುತ್ತಿದ್ದಳು. ಗೋಡೆಗೆ ಬೆಂಕಿಯ ಕಾವು ಕೊಡಲು ಬಿಡುತ್ತಿರಲಿಲ್ಲ; ಮೇಲಿನ ಮಣ್ಣು ಒಣಗಿ ಒಳಗಿನ ಹಸಿ ಅಲ್ಲೇ ಉಳಿಯುತ್ತದೆ. ಕಡೆಗೆ ರೊಟ್ಟಿ. ಸಂಜೆ ಒಂದು ಕಡಕ್ ರೊಟ್ಟಿಯನ್ನು ಗೋಡೆಗೆ ತಾಗುವಂತೆ ತೂಗಬಿಟ್ಟು, ಮುಂಜಾನೆ ಹಿಡಿದು ನೋಡುವುದು. ಪಟ್ಟನೆ ಮುರಿದರೆ ಮನೆ ಒಣಗಿದೆ. ಬಗ್ಗಿದರೆ ಇನ್ನೂ ಇಲ್ಲ. ಆ ಉಪಾಯ ಅವಳದೇ. ಅವಳ ತಮ್ಮ ಎಂದು ಹೇಳಿಕೊಳ್ಳುವಾಗ ನನ್ನ ಎದೆ ಇಂದಿಗೂ ಗೇಣುದ್ದ ಉಬ್ಬುತ್ತದೆ.

ನಮ್ಮ ಓಣಿಯ ನೇಕಾರ ತಿಪ್ಪಣ್ಣನದು ಕುಣಿಮಗ್ಗ, ನೆಲದ ಕುಣಿಯಲ್ಲಿ ಕಾಲಿಳಿಸಿ ಕೂತು ನೇಯುವಂಥದ್ದು. ಒಂದು ಮಳೆಗೆ ಕುಣಿ ಬಾವಿಯಾಯಿತು. ಆಪಾ ನೀರು ತೋಡಿಸಿ, ಕುಣಿಯ ಗೋಡೆ ತಿದ್ದಿ, ಮುಂಜಾನೆ ರೊಟ್ಟಿ ನೋಡುವುದನ್ನು ಅವಳ ಕೈಕೆಳಗೆ ದುಡಿಯುತ್ತಿದ್ದ ನನಗೆ ಬಿಟ್ಟು, ಮುಂಡರಗಿಯ ಕೆಲಸಕ್ಕೆ ಹೊರಟಳು. “ರೊಟ್ಟಿ ಬಗ್ಗಿತಂದ್ರ ಬಾಯಿ ಮುಚ್ಚಿಕೊಂಡು ಬಾ” ಎಂದು ನನಗೆ ಹೇಳಿದ್ದಳು.

ಬಗ್ಗಿತು. ಆದರೆ ತಿಪ್ಪಣ್ಣ, “ಏನ್ರಿ ಮಾಲಕರ, ಮಗ್ಗ ಇನ್ನ ಎಷ್ಟು ದಿನ ಮಲಗಬೇಕ್ರಿ?” ಎಂದುಬಿಟ್ಟ. ಅಲ್ಲಿಯವರೆಗೆ ನನ್ನನ್ನು ಯಾರೂ ಮಾಲಕರ ಎಂದಿರಲಿಲ್ಲ. ಮಾಲಕರಿಗೆಂದು ಎಲೆಅಡಿಕೆ ತರಲು ಅವನು ಹೊರಗೆ ಹೋದ. ಹಿತ್ತಿಲ ಒಲೆಯ ಮೇಲೆ ಹಂಚು ಕಾದಿತ್ತು. ರೊಟ್ಟಿಯನ್ನು ಅದರ ಮೇಲೆ ಕಾಸಿ, ಆರಿಸಿ, ಅವನು ಬಂದಮೇಲೆ ಕಣ್ಣೆದುರಿಗೇ ಪಟ್ಟನೆ ಮುರಿದೆ.

“ಆತು, ಮಗ್ಗ ಹೂಡ್ರಿ.”

ಹೂಡಿದ. ಕೆಲವೇ ದಿನಗಳಲ್ಲಿ ಮಗ್ಗಕ್ಕೆ ಎಳೆದ ಹಾಸಿನ ನೂಲಿಗೆ ಬೂಷ್ಟು ಹತ್ತಿತು, ಕುಣಿಯ ಒಂದು ಮಗ್ಗುಲು ಕುಸಿಯಿತು. ತಿಪ್ಪಣ್ಣ ನಮ್ಮ ಅಂಗಳಕ್ಕೆ ಬಂದು ಕೂಗಾಡಲಿಲ್ಲ, ಮೆಲ್ಲಗೆ ಹೇಳಿದ, “ನಿನ್ನ ರೊಟ್ಟಿ ಸುಳ್ಳ ಹೇಳ್ತು ನೋಡವಾ ಇಮಾಂಬಿ.”

ಆಪಾ ನನ್ನ ಮುಖ ನೋಡಿದಳು.

“ಮುರದಿತ್ತೇನೋ?”

“ಮುರದಿತ್ತು” ಎಂದೆ, ಗೂಟಕ್ಕೆ ಕಟ್ಟಿದ್ದ ಆಡನ್ನು ನೋಡುತ್ತ. ಅದು ಸುಳ್ಳೂ ಅಲ್ಲವಲ್ಲ.

“ಹಂಗಾದ್ರ ತಪ್ಪು ನಂದ ಐತಿ ತಿಪ್ಪಣ್ಣ” ಎಂದಳು. ಮತ್ತೆ ಕುಣಿ ಕಟ್ಟಿಕೊಟ್ಟಳು. ಅವನ ಹೆಂಡತಿಯ ಜೊತೆ ಕೂತು ಬೂಷ್ಟು ಹತ್ತಿದ ನೂಲನ್ನು ಎಳೆ ಎಳೆ ಬಿಡಿಸಿ ಒರೆಸಿದಳು. ತಿಪ್ಪಣ್ಣ ಅವಳನ್ನು ಮರುವರ್ಷವೂ ಕರೆದ. ಕೆಲಸ ಬೆಳೆಯಿತು, ಹೆಸರೂ ಬೆಳೆಯಿತು.

ಕೆಟ್ಟದ್ದು ಬೇರೆ. ಅಂದಿನಿಂದ ಆಪಾ ತನ್ನ ರೊಟ್ಟಿಯನ್ನು ನಂಬಲಿಲ್ಲ. ಪಟ್ಟನೆ ಮುರಿದರೂ ಮತ್ತೆ ತೂಗಬಿಡುವಳು, ಗೋಡೆಗೆ ಕೆನ್ನೆ ಹಚ್ಚುವಳು, ಇನ್ನೊಂದಿಷ್ಟು ದಿನ ಕಾಯಿಸುವಳು. “ಮುರೀತಲ್ಲ ಆಪಾ” ಎಂದು ಯಾರಾದರೂ ನಕ್ಕರೆ, “ಒಮ್ಮೆ ನನ್ನ ಮುಣಗಿಸೇತಿ ಅದು” ಎನ್ನುವಳು. ಪಕ್ಕದಲ್ಲಿ ಮಣ್ಣು ಕಲಸುತ್ತ ನಾನು ಕೇಳಿಸಿಕೊಳ್ಳುತ್ತಿದ್ದೆ.

ಇವತ್ತು ಆ ಬಗ್ಗಿದ ರೊಟ್ಟಿ ಹಿಡಿದುಕೊಂಡು, ತಲೆಯ ಮೇಲೆ ಗೋಣಿಚೀಲ ಹಾಕಿಕೊಂಡು, ಓಣಿಯ ಕೊನೆಯ ಮನೆಗೆ ಹೋದೆ. ಆಪಾ ಮೆಂತ್ಯೆ ಸೊಪ್ಪು ಸೋಸುತ್ತ ಕೂತಿದ್ದಳು. ರೊಟ್ಟಿ ಕೈಗೆ ತೆಗೆದುಕೊಂಡು ಬಗ್ಗಿಸಿ ನೋಡಿದಳು.

“ಹಸಿ ಐತಿ ಅಂತೈತಿ. ಇದರ ಮಾತು ಯಾರು ನಂಬಬೇಕು, ತಮ್ಮಾ?”

“ನೀನು ನಂಬಬೇಕು ಆಪಾ. ತಿಪ್ಪಣ್ಣನ ಮನ್ಯಾಗ ರೊಟ್ಟಿ ಬಗ್ಗಿತ್ತು. ನಾನ ಹಂಚಿನ ಮ್ಯಾಲೆ ಕಾಸಿ ಮುರದೆ. ನಿನ್ನ ರೊಟ್ಟಿ ಯಾವತ್ತೂ ಸುಳ್ಳ ಹೇಳಿಲ್ಲ, ಸುಳ್ಳ ಹೇಳಿದಾಂವ ನಾನು. ನನ್ನ ಮಾಫ್ ಮಾಡವಾ.”